ಅಣ್ಣ ಹಚ್ಚಿದ ಕಪ್ಪು ಬಣ್ಣ

ನನ್ನ ಸ್ಕೂಟರಿನ ಹಿಂದೆ ಒಂದು ತಗಡಿನ ಡಬ್ಬಿ ಕಟ್ಟಿಸಿದ್ದೇನೆ. ಅದರ ಮುಚ್ಚಳ ತೆಗೆದು ನೋಡಿದವರು ನಗದೆ ಇರುವುದಿಲ್ಲ. ಕೈಯಲ್ಲಿ ಒತ್ತುವ ಗಾಳಿ ಪಂಪು, ಎರಡು ಸ್ಪ್ಯಾನರ್, ಎರಡು ಮಾರು ಹಗ್ಗ, ಟಾರ್ಚು, ನೀರಿನ ಬಾಟಲಿ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರಿನ ಬೆಲ್ಟು ಕಿತ್ತರೆ ಬಿಗಿಯಲು ಹಳೇ ಟ್ಯೂಬಿನ ಪಟ್ಟಿ, ನೆಲದ ಮೇಲೆ ಕೂರಬೇಕಾದರೆ ಹಾಸಿಕೊಳ್ಳಲು ರೆಕ್ಸಿನ್ ತುಂಡು, ಲೈಸೆನ್ಸಿನ ಜೆರಾಕ್ಸು, ಒಂದು ಪೀಪಿ. ಪಕ್ಕದಲ್ಲಿ ಊರುಗೋಲು, ಅದರ ಜೊತೆಗೆ ತುದಿಯಲ್ಲಿ ಕೊಕ್ಕೆಯಿರುವ ಮೋಟು ದೋಟಿ. "ಏನವ್ವ, ಕಾಶಿಗೆ ಹೊಂಟಂಗದೆ?" ಎಂದು ಟೀ ಅಂಗಡಿ ಮುಂದೆ ಕೂತವರು ಕೇಳುತ್ತಾರೆ. ನಾನು ಹೋಗುವುದು ಆರೇಳು ಮೈಲಿ. ದಾರಿಗೆ ಅಡ್ಡ ತೆಂಗಿನ ಗರಿ ಬಿದ್ದಿದ್ದರೆ ಇವರೆಲ್ಲ ಕಾಲಲ್ಲಿ ಒದ್ದು ಮುಂದೆ ಹೋಗುತ್ತಾರೆ. ನಾನು ಇಳಿದು, ಊರುಗೋಲು ಬಿಚ್ಚಿಕೊಂಡು, ಬಗ್ಗಿ, ಆ ಮಟ್ಟೆ ಎಳೆಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಗಾಡಿ ಮೇಲೆ ಕೂತೇ ದೋಟಿಯಿಂದ ಕೊಕ್ಕೆ ಹಾಕಿ ಎಳೆಯುವುದನ್ನು ನಾನಾಗಿಯೇ ಕಲಿತೆ. ಪೀಪಿ ಯಾಕೆಂದರೆ, ತೋಟದ ಒಳದಾರಿಯಲ್ಲಿ ಬಿದ್ದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಬಾಯಲ್ಲಿ ಕೂಗಿದ್ದು ಎರಡು ಸಾಲು ಮರ ದಾಟುವುದಿಲ್ಲ. ನಗುವವರಿಗೆ ಇದನ್ನೆಲ್ಲ ವಿವರಿಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಎಡಗಾಲು ಎರಡು ವರ್ಷ ತುಂಬುವ ಮೊದಲೇ ಪೋಲಿಯೋ ಪಾಲಾಯಿತು. ತುರುವೇಕೆರೆ ಕಡೆಯ ಒಂದು ಪಂಚಾಯ್ತಿಯಲ್ಲಿ ನನ್ನಂಥವರಿಗಾಗಿಯೇ ಇರುವ ಒಂದು ಕೆಲಸ ನನಗೆ ಸಿಕ್ಕಿದೆ. ಸುತ್ತಲ ಹಳ್ಳಿಗಳಲ್ಲಿ ಕೈಕಾಲು ಊನವಾದವರು, ಕಣ್ಣು ಕಾಣದವರು ಯಾರ್ಯಾರಿದ್ದಾರೆ ನೋಡಿ, ಅವರಿಗೆ ಕಾರ್ಡು ಮಾಡಿಸುವುದು, ಅರ್ಜಿ ಬರೆದುಕೊಡುವುದು, ಕ್ಯಾಂಪಿಗೆ ಕರೆದುಕೊಂಡು ಹೋಗುವುದು. ಗಾಡಿ ಇಲ್ಲದೆ ಈ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ನಾನು ನಮ್ಮ ಮನೆ ಜಗಲಿಯ ಮೇಲೆ ಕೂತು ಹಾದುಹೋಗುವವರನ್ನು ಎಣಿಸುವವಳು. ಹದಿನೆಂಟರಿಂದ ಮೂವತ್ತನಾಲ್ಕನೇ ವಯಸ್ಸಿನವರೆಗೆ ಅದನ್ನೇ ಮಾಡಿದ್ದೇನೆ, ಮತ್ತೆ ಮಾಡುವ ಆಸೆಯಿಲ್ಲ.

ನನ್ನದು ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಸಣ್ಣ ಚಕ್ರ ಇರುವ ಸ್ಕೂಟರ್. ಆ ಸಣ್ಣ ಚಕ್ರಗಳನ್ನು ಹಿಡಿದಿರುವುದು ಗಾಡಿಯ ಅಡಿಗೆ ಬೆಸೆದ ಕಬ್ಬಿಣದ ರಾಡು. ಮಿಕ್ಕವರ ಗಾಡಿಯ ಹಾಗೆ ಇದು ವಾಲುವುದಿಲ್ಲ, ಗುಂಡಿ ತಪ್ಪಿಸುವುದಿಲ್ಲ. ಮಧ್ಯದ ಚಕ್ರ ತಪ್ಪಿಸಿಕೊಂಡರೆ ಪಕ್ಕದ್ದು ಬೀಳುತ್ತದೆ. ಬಿದ್ದ ಪೆಟ್ಟೆಲ್ಲ ಆ ರಾಡಿಗೆ. ಅದಕ್ಕೇ ದಿನಾ ಬೆಳಿಗ್ಗೆ ಗಾಳಿ, ಬ್ರೇಕು, ನಟ್ಟುಗಳನ್ನು ನೋಡಿದ ಮೇಲೆ, ನೆಲದ ಮೇಲೆ ಕೂತು ರಾಡಿನ ಬೆಸುಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸುತ್ತೇನೆ. ಕೂದಲೆಳೆಯಷ್ಟು ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಸರ್ಕಾರದಿಂದ ಇಂಥ ಗಾಡಿ ಸಿಕ್ಕಿದವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಹೇಳಿಕೊಟ್ಟು ಏನು ಬಂತು? ಗಾಡಿ ಸಿಕ್ಕ ಮನೆಗೆ ಆರು ತಿಂಗಳು ಬಿಟ್ಟು ಹೋಗಿ ನೋಡಿ. ಗಾಡಿಯ ಯಜಮಾನ ಜಗಲಿಯ ಮೇಲೆ ಕೂತಿರುತ್ತಾನೆ, ಗಾಡಿ ಎಲ್ಲಪ್ಪಾ ಎಂದರೆ ಡೈರಿಗೆ ಹಾಲಿನ ಕ್ಯಾನು ಹೇರಿಕೊಂಡು ಹೋಗಿರುತ್ತದೆ. ಇನ್ನೊಂದು ಮನೆಯಲ್ಲಿ ಹಸಿ ಹುಲ್ಲಿನ ಹೊರೆ, ಮತ್ತೊಂದರಲ್ಲಿ ಗೊಬ್ಬರದ ಚೀಲ. ಬೀಳದ ಗಾಡಿ ಎಂದು ಗೊತ್ತಾದ ಮೇಲೆ ನಮ್ಮ ಸೀಮೆಯವರು ಅದರ ಮೇಲೆ ಹೇರದೆ ಬಿಟ್ಟ ಸಾಮಾನಿಲ್ಲ. "ಸುಮ್ನೆ ನಿಂತಿತ್ತಲ್ಲ ಮೇಡಂ" ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಬ್ಬನ ಅಪ್ಪನಿಗೆ ನಾನು, "ನಿಮ್ಮ ಕಾಲೂ ರಾತ್ರಿ ಸುಮ್ನೆ ಮಲಗಿರ್ತವೆ, ಬಿಚ್ಚಿ ಕೊಡಿ" ಎಂದು ಕೂಗಾಡಿ ಬಂದಿದ್ದೇನೆ.

ಕೂಗಾಡಿ ಮನೆಗೆ ಬಂದರೆ ನನ್ನ ಮನೆಯಲ್ಲೂ ಅದೇ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣ ತೋಟ ನೋಡಿಕೊಳ್ಳುತ್ತಾನೆ. ಕಾಯಿ ಕೆಡವಿಸಿದಾಗ ಟ್ರ್ಯಾಕ್ಟರ್ ಬರುತ್ತದೆ. ಆದರೆ ನಡುನಡುವೆ ತಾನಾಗಿ ಉದುರಿದ ಕಾಯನ್ನು ಮೈಲಿ ದೂರದ ತೋಟದಿಂದ ತಂದು ಕೊಬ್ಬರಿಗೆಂದು ಅಟ್ಟಕ್ಕೆ ಹಾಕಬೇಕು. ಬೈಕಿನ ಹಿಂದೆ ಮೂಟೆ ಕಟ್ಟಿಕೊಂಡು ಬಂದು ಒಂದೆರಡು ಸಲ ಬಿದ್ದ. ಆಮೇಲೆ ನನ್ನ ಗಾಡಿ ಕಣ್ಣಿಗೆ ಬಿತ್ತು. "ನಾಲ್ಕು ಚಕ್ರ ಅವೆ ಕಣೇ, ಬೀಳೋ ಮಾತೇ ಇಲ್ಲ. ಒಂದು ಮೂಟೆ ತಾನೆ?" ಎಂದ. ನಾನು ಆಯ್ತು ಎಂದೆ. ಊರಿಗೆಲ್ಲ ಬೈಯುವವಳು ಅಣ್ಣ ಕೇಳಿದ ಕೂಡಲೇ ಆಯ್ತು ಎಂದೆ! ಆ 'ಆಯ್ತು' ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಎನಿಸುತ್ತದೆ. ಒಂದು ಮೂಟೆ ಎರಡಾಯಿತು, ಕಾಲಿಡುವ ಜಾಗದಲ್ಲಿ ಮೂರನೆಯದು ಬಂತು. ಒಂದು ದಿನ ಜಗಳವಾಡಿದೆ. ಇನ್ನು ಮುಟ್ಟುವುದಿಲ್ಲ ಎಂದ. ನಾನು ನಂಬಿದೆ. ಭಾನುವಾರ ಮಧ್ಯಾಹ್ನ ನಾನು ಕ್ಯಾಲಿಪರ್ ಬಿಚ್ಚಿಟ್ಟು ಮಲಗಿದ ಹೊತ್ತಿನಲ್ಲಿ, ಅವನ ಬಳಿ ಇದ್ದ ಎರಡನೇ ಕೀಲಿಯಿಂದ ಅದೇ ಕೆಲಸ ನಡೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಒಂದು ಸೋಮವಾರ ಬೆಳಿಗ್ಗೆ ನೋಡುತ್ತೇನೆ, ರಾಡು ಹೊಸದರ ಹಾಗೆ ಮಿರಮಿರ ಮಿಂಚುತ್ತಿದೆ. ಅಣ್ಣ ಕಪ್ಪು ಬಣ್ಣ ಹೊಡೆದಿದ್ದ. "ತುಕ್ಕು ಹಿಡೀತಿತ್ತು ಕಣೇ, ಬಳ್ದೆ" ಎಂದ. ಅದುವರೆಗೆ ನನ್ನ ಗಾಡಿಗೆ ಒಂದು ಬಟ್ಟೆ ಹಿಡಿದು ಒರೆಸಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಅಭ್ಯಾಸದಂತೆ ಬೆಸುಗೆಯ ಮೇಲೆ ಹೆಬ್ಬೆರಳಿಟ್ಟೆ, ಬಣ್ಣ ಇನ್ನೂ ಅಂಟುತ್ತಿತ್ತು. ಅಣ್ಣ ಹೊಡೆದದ್ದನ್ನು ಕೆಡಿಸುವುದೇಕೆ ಎಂದು ಕೈ ತೆಗೆದೆ. ಪಂಚಾಯ್ತಿಯಲ್ಲಿ ಎಲ್ಲರಿಗೂ ತೋರಿಸಿ, "ನಮ್ಮಣ್ಣ ಮಾಡಿದ್ದು" ಎಂದು ಹೇಳಿಕೊಂಡೆ. ಮಂಗಳವಾರವೂ ಬುಧವಾರವೂ ಅಲ್ಲಿ ಬೆರಳಿಡಲಿಲ್ಲ.

ಗುರುವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಗವಿಕಲರ ಕಾರ್ಡಿನ ಕ್ಯಾಂಪಿತ್ತು. ನಾಲ್ಕು ಜನರನ್ನು ಬಸ್ಸಿಗೆ ಹತ್ತಿಸಿ, ಅವರ ಕಾಗದಗಳನ್ನೆಲ್ಲ ನನ್ನ ಚೀಲದಲ್ಲಿಟ್ಟುಕೊಂಡು ಹಿಂದೆಯೇ ಹೊರಟೆ. ಕೆರೆ ಏರಿಯ ಮೇಲೆ ಎಡಗಡೆಯಿಂದ ಟಕ್ಕೆಂದು ಒಂದು ಸದ್ದು. ಎಡಗಡೆಯ ಚಕ್ರ ನನಗಿಂತ ಮುಂದೆ ಉರುಳಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ಗಾಡಿ ಎಡಕ್ಕೆ ಮಗುಚಿತು. ಕೆರೆ ಇದ್ದದ್ದು ಬಲಕ್ಕೆ. ಅದೊಂದು ಪುಣ್ಯ.

ಪೀಪಿ ಊದಬೇಕಾಗಲಿಲ್ಲ. ರಸ್ತೆಯಲ್ಲವೇ, ಜನ ಬಂದರು. ಬಂದವರಲ್ಲಿ ಒಬ್ಬನೂ ಎಲ್ಲಿ ಪೆಟ್ಟಾಗಿದೆ ಎಂದು ಕೇಳಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದರು, ಮುರಿದ ಮಣಿಕಟ್ಟನ್ನೇ ಹಿಡಿದು ಎಳೆದರು. ಕ್ಯಾಲಿಪರಿನ ಮಂಡಿ ಲಾಕು ಬಿಚ್ಚಿಕೊಂಡಿದೆ, ಬಿಡ್ರಪ್ಪಾ, ನಿಲ್ಲಿಸಬೇಡಿ ಎಂದು ಕಿರುಚುತ್ತಿದ್ದರೂ ನಿಲ್ಲಿಸಿದರು. ಮತ್ತೆ ಬಿದ್ದೆ. ಆಗ ಒಬ್ಬರು ಹಿರಿಯರು, "ಇಂಥ ಕಾಲ್ ಮಡಿಕ್ಕಂಡು ಗಾಡಿ ಯಾಕವ್ವ ಓಡಿಸ್ಬೇಕಿತ್ತು? ಮನೇಲಿ ಗಂಡುಸ್ರು ಯಾರೂ ಇಲ್ವಾ?" ಎಂದರು. ಕಿತ್ತುಬಂದ ಚಕ್ರ ಹತ್ತು ಮಾರು ಆಚೆ ಅವರ ಕಣ್ಣೆದುರೇ ಬಿದ್ದಿತ್ತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ನನ್ನ ಕಾಲನ್ನು.

ಮುರಿದ ಗಾಡಿಯನ್ನು ಯಾರೋ ಗೂಡ್ಸ್ ಆಟೋದಲ್ಲಿ ಹಾಕಿ, ಪೇಟೆಯಲ್ಲಿ ನಾನು ಯಾವಾಗಲೂ ಹೋಗುವ ವೆಲ್ಡಿಂಗ್ ಅಂಗಡಿಗೆ ತಲುಪಿಸಿದರು. ಆಸ್ಪತ್ರೆಯಲ್ಲಿ ಕಾದಿದ್ದ ನಾಲ್ವರೂ ಕಾಗದವಿಲ್ಲದೆ ವಾಪಸ್ಸು ಹೋದರು. ಅವರಲ್ಲಿ ಒಬ್ಬಾಕೆ ಎರಡೂ ಕಾಲಿಲ್ಲದವಳು, ತಮ್ಮನ ಬೆನ್ನೇರಿ ಬಸ್ಸು ಹತ್ತಿದ್ದವಳು. ಮುಂದಿನ ಕ್ಯಾಂಪು ಯಾವಾಗ ಎಂದು ಆಕೆ ಫೋನು ಮಾಡಿ ಕೇಳಿದಳು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಸಂಜೆಯೇ ಮನೆಯಲ್ಲಿ ತೀರ್ಮಾನವಾಗಿತ್ತು. ಗಾಡಿ ಸಾಕು. ಮಾರಿಬಿಡುವುದು. ಹುಳಿಯಾರಿನ ಕಡೆಯ ನೆಂಟರೊಬ್ಬರಿಗೆ ಬೇಕಂತೆ, ಪಕ್ಕದ ಚಕ್ರ ತೆಗೆಸಿಕೊಳ್ಳುತ್ತಾರಂತೆ. ಎಲ್ಲರಿಗಿಂತ ಜೋರಾಗಿ ಹೇಳಿದವನು ಅಣ್ಣ. "ಜೀವ ಉಳೀತಲ್ಲ, ಅಷ್ಟೇ ಸಾಕು. ಆ ಕಾಲಲ್ಲಿ ಬ್ಯಾಲೆನ್ಸ್ ಎಲ್ಲಿ ಸಿಗ್ತದೆ? ಇನ್ಮೇಲೆ ನಾನೇ ಬುಟ್ಟು ಬತ್ತೀನಿ, ನಾನೇ ಕರ್ಕಂಡ್ ಬತ್ತೀನಿ." ನನಗೂ ಅನುಮಾನ ಬಂತು. ಗುಂಡಿ ನೋಡಲಿಲ್ಲವೇನೋ, ನನ್ನದೇ ತಪ್ಪೇನೋ ಎಂದು ರಾತ್ರಿಯೆಲ್ಲ ಆ ಏರಿಯನ್ನು ಮನಸ್ಸಿನಲ್ಲೇ ಓಡಿಸಿ ಓಡಿಸಿ ನೋಡಿದೆ.

ಐದು ವಾರ ಅಣ್ಣನ ಬೈಕಿನ ಹಿಂದೆ ಓಡಾಡಿದೆ. ಓಡಾಡಿದೆ ಎನ್ನುವುದೇ ತಪ್ಪು, ಕಾದೆ. ಬೆಳಿಗ್ಗೆ ಅವನು ತೋಟದಿಂದ ಬರುವವರೆಗೆ, ಸಂಜೆ ಅವನಿಗೆ ನೆನಪಾಗುವವರೆಗೆ. ಪಂಚಾಯ್ತಿಯ ಜವಾನ ಬೀಗ ಹಾಕಿಕೊಂಡು ಹೋದ ಮೇಲೂ ಮೆಟ್ಟಿಲ ಮೇಲೆ ಕೂತಿದ್ದ ದಿನಗಳಿವೆ. ಹಳ್ಳಿಗಳಿಗೆ ಹೋಗುವುದು ನಿಂತೇಹೋಯಿತು. ಬೇರೆ ಯಾರಿಗಾದರೂ ಕೆಲಸ ಕೊಡೋಣವೇ ಎಂದು ಮೇಲಿನವರು ಮೆಲ್ಲಗೆ ಕೇಳತೊಡಗಿದರು.

ಪಟ್ಟಿ ಬಿಚ್ಚಿದ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ನನ್ನ ಗಾಡಿಗೆ ಮೊದಲು ಚಕ್ರ ಕೂರಿಸಿದವರು. ಮುರಿದ ತುಂಡನ್ನು ಎತ್ತಿಟ್ಟಿದ್ದರು. "ನೋಡಮ್ಮ, ಮುರಿದಿರೋ ಕಡೆ ಮುಕ್ಕಾಲು ಭಾಗ ಹಳೇ ತುಕ್ಕು. ಯಾವಾಗ್ಲೋ ಒಳಗೇ ಬಿಟ್ಕೊಂಡಿತ್ತು. ಹೊಳೀತಿರೋದು ಇಷ್ಟೇ, ಉಗುರಷ್ಟು. ಅವತ್ತು ಮುರಿದಿದ್ದು ಈ ಉಗುರಷ್ಟೇ." ನಾನು ತುಂಡನ್ನು ಕೈಗೆ ತೆಗೆದುಕೊಂಡು ಆ ತುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದೆ. ಅವರೇ ಮುಂದುವರಿಸಿದರು. "ಬೀಳೋಕ್ ಮುಂಚಿನ ಭಾನ್ವಾರ ನಿಮ್ಮಣ್ಣ ಗಾಡಿ ತಂದಾಗ್ಲೇ ಹೇಳ್ದೆ. ಕಾಯಿ ಹೇರಿ ಹೇರಿ ಬಗ್ಗೋಗದೆ, ರಾಡೇ ಬದ್ಲಾಯಿಸ್ಬೇಕು, ಮೇಲೆ ವೆಲ್ಡಿಂಗ್ ಹೊಡೆದ್ರೆ ನಿಲ್ಲಕ್ಕಿಲ್ಲ ಅಂತ. ಸದ್ಯಕ್ಕೆ ಹೊಡ್ಕೊಡಿ, ಅವಳಿಗೆ ಗೊತ್ತಾಗದು ಬ್ಯಾಡ, ನಾನೇ ಬಣ್ಣ ಬಳ್ಕಂತೀನಿ ಅಂದ್ರು."

"ನೀವು ನನಗ್ಯಾಕೆ ಒಂದು ಫೋನು ಮಾಡ್ಲಿಲ್ಲ?" ಎಂದೆ.

"ಮನೆ ಗಂಡುಸ್ರೇ ತಂದಿದ್ರಲ್ಲಮ್ಮ."

ಅಲ್ಲೇ ಹೊಸ ರಾಡು ಹಾಕಿಸಿದೆ. ಹಾಕುವವರೆಗೂ ಎದುರಿಗೇ ಕೂತಿದ್ದೆ. ಬಣ್ಣ ಬೇಡ ಎಂದೆ. ಹಳೇ ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು, ಅದೇ ಕೆರೆ ಏರಿಯ ಮೇಲೆ ಗಾಡಿ ಓಡಿಸಿಕೊಂಡು ಮನೆಗೆ ಬಂದೆ.

ಅಣ್ಣ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ಆ ತುಂಡನ್ನು ಅವನ ಲೋಟದ ಪಕ್ಕ ಇಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಅಂಗಡಿಗೆ ಹೋಗಿದ್ದೆ ಎಂದು ನಾನು ಹೇಳಬೇಕಾಗಲಿಲ್ಲ.

"ಹೇಳುದ್ರೆ ನೀನು ಗಾಡಿ ಮುಟ್ಟಕ್ಕೇ ಬುಡ್ತಿರ್ಲಿಲ್ಲ ಕಣೇ" ಎಂದ. "ಕಾಯೆಲ್ಲ ತಂದಾದ್ಮೇಲೆ ಹೊಸ ರಾಡು ಹಾಕುಸ್ಬೇಕು ಅಂತಲೇ ಇದ್ದೆ."

"ರಾಡು ಹಾಕುಸ್ಲಿಲ್ಲ, ಬಣ್ಣ ಬಳ್ದೆ. ಅದರ ಮೇಲೆ ನನ್ನ ಕೂರಿಸಿ ಕಳಿಸ್ದೆ. ಬಿದ್ದು ಬಂದ ಮೇಲೆ, ಆ ಕಾಲಲ್ಲಿ ಬ್ಯಾಲೆನ್ಸ್ ಎಲ್ಲಿ ಸಿಗ್ತದೆ ಅಂತ ಊರವರ ಜೊತೆ ನೀನೂ ಅಂದ್ಯಲ್ಲಣ್ಣ! ಐದು ವಾರ! ಒಂದು ದಿನ ಬಾಯಿ ಬಿಡಕ್ಕಾಗ್ಲಿಲ್ವಾ ನಿನಗೆ?"

ನನ್ನ ಕೂಗಿಗೆ ಅವ್ವ ಒಳಗಿನಿಂದ ಬಂದಳು. "ಸಾಕು ಬುಡೇ. ಸ್ಕೂಲಿಗೆ ನಿನ್ನ ಏಳು ವರ್ಷ ಹೆಗಲ ಮೇಲೆ ಹೊತ್ಕಂಡು ಹೋದೋನು ಅವನು. ಅವನ ಮೇಲೆ ಹಿಂಗೆ ಹರಿಹಾಯ್ತೀಯಲ್ಲ!"

ಅದು ನಿಜ. ತೋಟ ದಾಟಿ, ಹಳ್ಳ ದಾಟಿ, ತನ್ನ ಚೀಲ ಕೊರಳಿಗೆ, ನನ್ನ ಚೀಲ ಕೈಗೆ, ನನ್ನನ್ನು ಹೆಗಲಿಗೆ. ಒಂದು ದಿನವೂ ಭಾರ ಎಂದವನಲ್ಲ. ಆ ಏಳು ವರ್ಷವನ್ನು ತೋರಿಸಿ ಅವ್ವ ಎಷ್ಟು ಸಲ ನನ್ನ ಬಾಯಿ ಮುಚ್ಚಿಸಿದ್ದಾಳೋ. ಆವತ್ತು ಮುಚ್ಚಲಿಲ್ಲ.

"ಹೊತ್ತಿದ್ದಕ್ಕೇ ಕೇಳ್ತಿರೋದು ಕಣವ್ವ. ನನಗೆ ಕಾಲಿಲ್ಲ ಅನ್ನೋದು ಈ ಮನೇಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋನು ಅವನೇ."

ನಾನು ಅಣ್ಣನ ಮುಂದೆ ಕೈ ಚಾಚಿ, "ಆ ಇನ್ನೊಂದು ಕೀ ಕೊಡು" ಎಂದೆ. ಅವನು ಒಳಗೆ ಹೋಗಿ ಗೂಟದ ಅಂಗಿಯ ಜೇಬಿನಿಂದ ತಂದುಕೊಟ್ಟ. ಕಣ್ಣು ಕೆಂಪಗಾಗಿತ್ತು. ಗಾಡಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಹೊಸ ರಾಡನ್ನು ನೋಡಿದ, ಮುಟ್ಟಲಿಲ್ಲ.

"ಇದು ಎಷ್ಟು ತೂಕ ತಡೀತದಂತೆ?" ಎಂದ.

ನನ್ನ ಮೇಲಿನ ಕಾಳಜಿಗೆ ಕೇಳಿದನೋ, ತೋಟದಲ್ಲಿ ಬಿದ್ದಿದ್ದ ಕಾಯಿ ನೆನೆದು ಕೇಳಿದನೋ, ಈಗಲೂ ನನಗೆ ಗೊತ್ತಿಲ್ಲ.

"ನನ್ನೊಬ್ಬಳದು" ಎಂದೆ.