ಸಮುದ್ರಕ್ಕೆ ಎಷ್ಟು ಉಪ್ಪು

ನಮ್ಮ ಅಕ್ಕಲಕೋಟದ ಶಾಲೆಯ ವೆಂಕೋಬ ಮಾಸ್ತರರಿಗೆ ಆಕಾಶದ ಪಾಠದ ಭಯವಿಲ್ಲ. ಸಾಲಾಗಿ ನಿಂತ ಮೂರು ಚುಕ್ಕೆಗಳನ್ನು ಅವರು ರೈತರಂತೆ ಬೀಜ ಬಿತ್ತುವ ಕೂರಿಗೆಯೆಂದೇ ಕಲಿಸುತ್ತಾರೆ. ತಪ್ಪಿದರೆ ತಿದ್ದಲು ಪ್ರತಿ ಮಗುವಿನ ಅಜ್ಜನೂ ಊರಲ್ಲೇ ಇದ್ದಾನೆ. ಅವರ ಜೀವ ಹಿಂಡುವುದು ಸಮುದ್ರ. ಅದನ್ನು ಅವರೂ ಕಂಡಿಲ್ಲ, ಅವರ ಹಿಂದಿನ ಏಳು ತಲೆಮಾರೂ ಕಂಡಿಲ್ಲ. ಆದರೂ ವರ್ಷಕ್ಕೊಮ್ಮೆ ಗಡಿಗೆಯಲ್ಲಿ ಉಪ್ಪು ಕದಡಿ, “ಇದಽ ನೋಡ್ರಪಾ ಸಮುದ್ರ” ಎಂದು ಮಕ್ಕಳಿಗೆಲ್ಲ ಒಂದೊಂದು ಗುಟುಕು ಕುಡಿಸುತ್ತಾರೆ. ಆ ಮಕ್ಕಳ ನೀರಡಿಕೆಗೆ ಅಂದು ಊರಿನ ಬಾವಿಗಳೆಲ್ಲ ಒಂದು ಮೊಳ ಇಳಿಯುತ್ತವೆ. ಆಮೇಲೆ ತಿಂಗಳುಗಟ್ಟಲೆ ಮಾಸ್ತರರಿಗೆ ಒಂದೇ ಚಿಂತೆ: ಉಪ್ಪು ಹೆಚ್ಚಾಯಿತೋ, ಕಡಿಮೆಯಾಯಿತೋ? ಮುಂಬಯಿಯಿಂದ ಯಾರೇ ಇಳಿಯಲಿ, ಸ್ಟೇಷನ್ನಿನಲ್ಲೇ ಹಿಡಿದು ನಿಲ್ಲಿಸಿ, ಕುಪ್ಪಿಯಲ್ಲಿ ತಂದ ನೀರು ನೆಕ್ಕಿಸಿ, “ಖರೇ ಹೇಳ್ರಿ, ಇಷ್ಟಽ ಉಪ್ಪಿತ್ತೇನು?” ಎನ್ನುತ್ತಾರೆ. ಮುಂಬಯಿ ನೋಡಿ ಬಂದ ಸೊಲ್ಲಾಪುರದ ಗಿರಣಿಯ ಕಲ್ಲಣ್ಣ, “ಯಾರು ಕುಡದು ನೋಡ್ಯಾರ್ರಿ ಮಾಸ್ತರ? ನಾ ಕಾಲು ತೊಳಕೊಂಡು ಬಂದೀನಿ!” ಎಂದು ನಕ್ಕ. ಕೊನೆಗೆ ಹೆಂಡತಿ ಜಾನಕೀಬಾಯಿಯೇ ಬೇಸತ್ತು, “ಅಲ್ರೀ, ಒಮ್ಮೆ ನೀವಽ ಹೋಗಿ ರುಚಿ ನೋಡಿ ಬರಬಾರದೇನು?” ಎಂದರು. ಮಾಸ್ತರರ ದನಿ ಇಳಿಯಿತು. “ಹೋದೆ ಅಂತ ತಿಳಿ. ನನ್ನ ಉಪ್ಪು ತಪ್ಪಿತ್ತಂದ್ರ? ಇಪ್ಪತ್ತು ವರ್ಷ ಕಲಿಸಿದ ಹುಡುಗೂರ್ನ ಎಲ್ಲೆಲ್ಲಿ ಹುಡುಕಿ ಮತ್ತ ಕುಡಸಲೇ?”