ಹದಿನಾಲ್ಕನೇ ಲಾಟಿನ ಟ್ರಂಕು

ಅವರ ಹತ್ತೂ ಉಗುರುಗಳು ಕಂದುಗಪ್ಪಾಗಿದ್ದವು. ಐವತ್ತು ವರ್ಷ ಫೋಟೊ ತೊಳೆಯುವ ದ್ರಾವಣದಲ್ಲಿ ಅದ್ದಿದ ಕೈಗಳು. ಅವರು ಮುದ್ದೆ ಮುರಿಯುವುದನ್ನು ಮೊದಲ ಸಲ ಕಂಡವರು, ಬೆರಳು ಸುಟ್ಟುಕೊಂಡಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದರು. ಮಾಗಡಿಯ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಸ್ಟುಡಿಯೋ ಅಯ್ನೋರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ತಾಲ್ಲೂಕು ವರದಿಗಾರ್ತಿಯಾಗಿ ನಾನು ಮಾಗಡಿಗೆ ಬಂದಾಗ ಪತ್ರಿಕೆಗೆ ಫೋಟೊ ಕೊಡುತ್ತಿದ್ದವರು ಅವರೇ. ಅಪಘಾತ, ಸನ್ಮಾನ, ಶಂಕುಸ್ಥಾಪನೆ, ಯಾವುದೇ ಇರಲಿ, ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಒಮ್ಮೆ ಜಾಗ ಸಾಲದೆ ಕೊನೆಯ ಇಬ್ಬರನ್ನು "ಮತ್ತಿತರರು" ಮಾಡಿದ್ದೆ. ಬೆಳಗ್ಗೆಯೇ ಪತ್ರಿಕೆ ಮಡಚಿಕೊಂಡು ಬಂದರು.

"ಏನವ್ವಾ, ಮತ್ತಿತರರು ಅಂತ ಯಾರಾದ್ರೂ ಮಗೀಗೆ ಹೆಸ್ರು ಮಡುಗ್ತಾರಾ?"

ಹಳ್ಳಿಗಳು ಅವರನ್ನು ಬಲ್ಲದ್ದು ಇನ್ನೊಂದು ಕೆಲಸಕ್ಕೆ. ನಮ್ಮ ಕಡೆ ಸತ್ತವರನ್ನು ಮಣ್ಣಿಗೆ ಒಯ್ಯುವ ಮುಂಚೆ ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಸುವ ರೂಢಿಯಿತ್ತು. ಬದುಕಿರುವಾಗ ಕ್ಯಾಮೆರಾ ಮುಂದೆ ನಿಂತವರು ಕಡಿಮೆ. ಪಿತೃಪಕ್ಷದಲ್ಲಿ ಎಡೆ ಇಡಲು ಗೋಡೆಯ ಮೇಲೊಂದು ಮುಖ ಬೇಕಲ್ಲ. ಅಯ್ನೋರು ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಹೋಗುತ್ತಿದ್ದರು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹೆಣದ ಮುಂದೆ ಮಂಡಿಯೂರಿ, ಬದುಕಿದ್ದವರಿಗೆ ಹೇಳುವಂತೆಯೇ ಹೇಳುತ್ತಿದ್ದರು: "ಒಸಿ ಈ ಕಡೆ ನೋಡವ್ವ." ನಾನು ಎರಡು ಸಲ ಕೇಳಿದ್ದೇನೆ. ಯಾರೂ ನಗುತ್ತಿರಲಿಲ್ಲ.

ಕಣ್ಣು ಮುಚ್ಚಿದ ಮುಖಕ್ಕೆ ಎಡೆ ಇಡಲು ಜನಕ್ಕೆ ಮನಸ್ಸು ಬರದು. ಅದಕ್ಕೆ ಅವರದೊಂದು ಕ್ರಮವಿತ್ತು. ಫೋಟೊ ತೆಗೆದ ಮೇಲೆ ಮನೆಯವರನ್ನು ಕೇಳುತ್ತಿದ್ದರು: "ಇವರ ಕಣ್ಣು ಯಾರಿಗೆ ಬಂದೈತೆ?" ತಮ್ಮನನ್ನೋ ಮಗಳನ್ನೋ ಜನ ಮುಂದೆ ತಳ್ಳುತ್ತಿದ್ದರು. ತಿಥಿ ಮುಗಿದ ಮೇಲೆ ಆ ಒಬ್ಬರು ಸ್ಟುಡಿಯೋಕ್ಕೆ ಬಂದು ಸ್ಟೂಲಿನ ಮೇಲೆ ಕೂರಬೇಕು. ಅವರ ಫೋಟೊದಿಂದ ಕಣ್ಣುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಸತ್ತವರ ಮುಖಕ್ಕೆ ಅಂಟಿಸಿ, ಅಂಚನ್ನು ಕುಂಚದಿಂದ ತೀಡಿ, ದವಡೆಗೆ ಕಟ್ಟಿದ ಬಟ್ಟೆಯನ್ನು ಮರೆಸಿ, ಮತ್ತೆ ಅದರದೇ ಫೋಟೊ ತೆಗೆಯುತ್ತಿದ್ದರು. ಗೋಡೆಯ ಮೇಲಿನ ಅವ್ವ ಕಣ್ಣು ತೆರೆದು ನೋಡುತ್ತಿದ್ದಳು. ಸತ್ತ ಮುಖದ್ದೊಂದು, ಕಣ್ಣು ಕೊಟ್ಟವರದ್ದೊಂದು, ಹೀಗೆ ಎರಡು ನೆಗೆಟಿವ್ ಮತ್ತು ಪುಟ್ಟ ಪ್ರಿಂಟುಗಳನ್ನು ಖಾಕಿ ಕವರಿನಲ್ಲಿಟ್ಟು, ಹೆಸರು ಊರು ಬರೆದು ಟ್ರಂಕಿಗೆ ಹಾಕುತ್ತಿದ್ದರು.

ಮೊಬೈಲು ಬಂದಿತು, ಆ ಕೆಲಸ ನಿಂತಿತು. ಹೋದ ವರ್ಷ ರಸ್ತೆ ಅಗಲೀಕರಣಕ್ಕೆ ಸ್ಟುಡಿಯೋ ಗೋಡೆಯ ಮೇಲೆ ಕೆಂಪು ಗುರುತು ಬಿತ್ತು. ಚನ್ನಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಲು ಅಯ್ನೋರು ಒಪ್ಪಿದರು. ಮಗಳು ಒಂದೇ ಮಾತು ಹೇಳಿದ್ದಳು: "ಮನೇಲಿ ಬಸುರಿ ಹುಡ್ಗಿ ಅವ್ಳೆ. ಹೆಣದ ಪೆಟ್ಟಿಗೆ ಮಾತ್ರ ತರ್ಬ್ಯಾಡಿ ಅಪ್ಪಾಜಿ."

ಹಳೇ ಕ್ಯಾಮೆರಾಗಳನ್ನು ಹರಾಜಿಗೆ ಹಾಕುವ ಬೆಂಗಳೂರಿನವನೊಬ್ಬ ಬಂದ. ನಾನೂ ಅಲ್ಲಿದ್ದೆ. ತೇಗದ ಮರದ ಕ್ಯಾಮೆರಾಗೆ ಒಂದನೇ ಲಾಟು, ಹಿತ್ತಾಳೆ ಲೆನ್ಸಿಗೆ ಎರಡು, ಹೀಗೆ ಕತ್ತಲೆ ಕೋಣೆಯ ಕೆಂಪು ದೀಪದವರೆಗೆ ಹದಿಮೂರು ಚೀಟಿ ಅಂಟಿಸಿದ. ಆಮೇಲೆ ಟ್ರಂಕು ತೆರೆದ. ನಾಲ್ಕು ಕವರು ನೋಡುವಷ್ಟರಲ್ಲಿ ಅವನ ದನಿ ಇಳಿಯಿತು.

"ಸಾರ್, ಅಸಲಿ ಮಾಲು ಇದು. ಇಂಥದ್ದನ್ನೇ ಹುಡುಕ್ತಿರ್ತಾರೆ ಹಳೇದು ಕೂಡಿಡೋ ಕಲೆಕ್ಟರ್‌ಗಳು."

ಹದಿನಾಲ್ಕನೇ ಚೀಟಿ ಅಂಟಿಸಿದ. ಅಯ್ನೋರು ಅದನ್ನು ಉಗುರಿನಿಂದ ಎಬ್ಬಿಸಿ ಅವನ ಕೈಗೇ ಕೊಟ್ಟರು.

"ಕ್ಯಾಮೆರಾ ನಂದು, ಮಾರ್ತೀನಿ. ಹೆಣ ನಂದಲ್ಲ ಕಣಪ್ಪ."

ಟ್ರಂಕಿಲ್ಲದಿದ್ದರೆ ಉಳಿದದ್ದೂ ಬೇಡ ಎಂದ ಅವನು. ಕೊನೆಗೊಂದು ಒಪ್ಪಂದವಾಯಿತು: ಒಂದು ತಿಂಗಳು ಗಡುವು. ಮನೆಯವರು ಬಂದು ತಮ್ಮವರ ಕವರು ಒಯ್ಯಬಹುದು. ಉಳಿದದ್ದು ಹರಾಜಿಗೆ. ಅಯ್ನೋರು ರುಜು ಹಾಕಿದರು. ಸುಟ್ಟುಬಿಡಬಹುದಲ್ಲ ಎಂದೆ. "ಒಂದ್ಸಲ ಮಣ್ ಮಾಡವ್ರೆ. ಇನ್ನೊಂದ್ಸಲ ಮಾಡಕ್ಕೆ ನಾನ್ಯಾರವ್ವ? ಎಲ್ಲಾರೂ ಬತ್ತಾರೆ ನೋಡು. ಹೆತ್ತೋರ್ನ ಯಾರಾದ್ರೂ ಬುಟ್ಬುಡ್ತಾರಾ ಕಣವ್ವ?"

ನಾನು ಪತ್ರಿಕೆಯಲ್ಲಿ ಸಣ್ಣದೊಂದು ಸುದ್ದಿ ಮಾಡಿದೆ. ಜನ ಬಂದರು.

ಗುಡೇಮಾರನಹಳ್ಳಿಯಿಂದ ಅಣ್ಣ ತಮ್ಮ ಇಬ್ಬರು ಬಂದಿದ್ದರು. ಅಯ್ನೋರು ಕೊಟ್ಟ ಪ್ರಿಂಟನ್ನು ಅಣ್ಣ ಬೆಳಕಿಗೆ ಹಿಡಿದ.

"ಇದ್ಯಾರು ಅಯ್ನೋರೆ?"

"ನಿಮ್ಮವ್ವ ಕಣಪ್ಪ."

"ಏ, ನಮ್ಮವ್ವ ಹಿಂಗಿರ್ಲಿಲ್ಲ ಬುಡಿ. ನಮ್ಮನೇಲಿ ಕಣ್ಬುಟ್ಕೊಂಡು ನೋಡ್ತಾವ್ಳೆ."

ತಮ್ಮ ಇಣುಕಿ ಹಿಂದೆ ಸರಿದ. "ಮಡುಗಣ್ಣ ಅತ್ಲಾಗೆ. ಇದ್ನ ಮನೆಗೆ ತಕೊಂಡೋದ್ರೆ ಇನ್ನೊಂದ್ಸಲ ಸೂತಕ ಆಯ್ತದೆ."

ಕೂಟಗಲ್ಲಿನ ಹೆಂಗಸೊಬ್ಬಳು ಅಪ್ಪನ ಪ್ರಿಂಟು ನೋಡಿ, ಕೈಮುಗಿದು, ಅಲ್ಲೇ ಮೇಜಿನ ಮೇಲೆ ಮಗುಚಿಟ್ಟು ಹೋದಳು. ದಿನಕ್ಕೆ ಮೂರೋ ನಾಲ್ಕೋ ಮನೆಯವರು ಬರುತ್ತಿದ್ದರು. ಎಲ್ಲರೂ ಬರಿಗೈಯಲ್ಲಿ ಹಿಂದಿರುಗಿದರು. ತಿಂಗಳ ಕೊನೆಯ ವಾರ ಅಯ್ನೋರು ಟ್ರಂಕಿನ ಪಕ್ಕ ಕೂತು ಕೈ ನೋಡಿಕೊಳ್ಳುತ್ತ ಹೇಳಿದರು: "ಕೆಲ್ಸ ಅಷ್ಟು ಚೆನ್ನಾಗ್ ಮಾಡ್ಬಾರ್ದಿತ್ತು ಕಣವ್ವ."

ಆಮೇಲೆ ಎದ್ದು ಒಂದು ಕವರು ತೆಗೆದು ನನ್ನ ಮುಂದೆ ಹಿಡಿದರು. ಅದರ ಮೇಲೆ ನಮ್ಮ ಊರು ಕೆಂಪಾಪುರ, ನನ್ನ ಅಪ್ಪನ ಹೆಸರು.

ನನಗೆ ಮೂರು ವರ್ಷವಿದ್ದಾಗ ಅಮ್ಮ ಹೋದಳು. ನಡುಮನೆಯ ಗೋಡೆಯ ಮೇಲೆ ಅವಳ ಫೋಟೊ ಇದೆ. ಮದುವೆಯಾದ ಹೊಸತರಲ್ಲಿ ತೆಗೆಸಿದ್ದು ಎಂದು ಅಪ್ಪ ಹೇಳಿದ್ದರು. ಪರೀಕ್ಷೆಗೆ, ಕೆಲಸಕ್ಕೆ, ಎಲ್ಲಿಗೆ ಹೊರಟರೂ ಆ ಕಣ್ಣುಗಳನ್ನು ನೋಡಿಯೇ ಹೊರಟವಳು ನಾನು. ಕವರಿನೊಳಗಿನ ಮೊದಲ ಪ್ರಿಂಟಿನಲ್ಲಿ ಅಮ್ಮ ನಮ್ಮ ಮನೆಯ ಕುರ್ಚಿಯಲ್ಲಿ ಕೂತಿದ್ದಳು. ದವಡೆ ಬೀಳದಂತೆ ಬಟ್ಟೆ ಕಟ್ಟಿತ್ತು. ಕಣ್ಣು ಮುಚ್ಚಿದ್ದವು. ಎರಡನೆಯದರಲ್ಲಿ, ಸ್ಟೂಲಿನ ಮೇಲೆ, ನನ್ನನ್ನು ಸಾಕಿದ ಚಿಕ್ಕಮ್ಮ. ಅಮ್ಮನ ತಂಗಿ. ಗೋಡೆಯ ಮೇಲಿನ ಕಣ್ಣುಗಳು ಅವಳ ಮುಖದಲ್ಲಿದ್ದವು.

ಇಪ್ಪತ್ತು ವರ್ಷ ನನ್ನೊಂದಿಗೆ ಚಹಾ ಕುಡಿದ ಮನುಷ್ಯ ಇದರ ಬಗ್ಗೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಕವರನ್ನು ಮುಚ್ಚಿ ಮೇಜಿನ ಮೇಲಿಟ್ಟು, "ನಾಳೆ ತಕೊಂತೀನಿ ಅಯ್ನೋರೆ" ಎಂದೆ.

"ನೀನೂನಾ?" ಎಂದರು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ. ಮೂರನೆಯ ಬೆಳಗ್ಗೆ ಅವರು ತೀರಿಕೊಂಡರು. ಹೃದಯಾಘಾತ. ಸುದ್ದಿ ನಾನೇ ಬರೆದೆ. ಅವರನ್ನು ಕೂರಿಸಿ ಪೂಜೆ ಮಾಡುವಾಗ ಸುತ್ತ ನಿಂತವರ ಮೊಬೈಲುಗಳೆಲ್ಲ ಮೇಲೆದ್ದಿದ್ದವು. ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಕೆಲಸಗಳೆಲ್ಲ ಮುಗಿದು ನಾನು ಸ್ಟುಡಿಯೋಕ್ಕೆ ಹೋದಾಗ ಟೆಂಪೋ ತುಂಬಿಯಾಗಿತ್ತು. ನನ್ನದೊಂದು ಕವರಿದೆ ಎಂದೆ. "ಟೈಮ್ ಮುಗೀತಲ್ಲ ಮೇಡಂ" ಎಂದು ಬೆಂಗಳೂರಿನವನು ಅಯ್ನೋರ ರುಜು ತೋರಿಸಿದ. ರುಜು ಅವರದೇ.

ಕಳೆದ ವಾರ ಹರಾಜಿನ ಪಟ್ಟಿ ಮೊಬೈಲಿಗೆ ಬಂತು. ಹದಿನಾಲ್ಕನೇ ಲಾಟು: ಮರಣೋತ್ತರ ಭಾವಚಿತ್ರಗಳು, ಹಳೇ ಮೈಸೂರು ಸೀಮೆ, ವ್ಯಕ್ತಿಗಳು ಅಪರಿಚಿತರು. ಮಾದರಿಗೆ ಹಾಕಿದ್ದ ಮೂರು ಚಿತ್ರಗಳಲ್ಲಿ ನಡುವಿನವಳು ನನ್ನ ಅಮ್ಮ. ಹರಾಜಿನವನಿಗೆ ಫೋನ್ ಮಾಡಿದೆ. ಖಾಕಿ ಕವರುಗಳಿಗೆ ಹುಳ ಹಿಡಿದಿತ್ತು, ಅವನ್ನು ಎಸೆದು ಫೋಟೊಗಳನ್ನು ಪ್ಲಾಸ್ಟಿಕ್ಕಿಗೆ ಹಾಕಿದ್ದೇವೆ ಎಂದ. ಅವಳು ನಮ್ಮಮ್ಮ ಎಂದೆ. ಮನೆಯ ಫೋಟೊ ಕಳಿಸಿ, ಹೋಲಿಸೋಣ ಎಂದ. ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಸಾರಿ ಮೇಡಂ, ಕಣ್ಣು ಹೊಂದುತ್ತಿಲ್ಲ.

ಚಿಕ್ಕಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಕೆಂಪಾಪುರಕ್ಕೆ ಹೋಗಿ ಎಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅಕ್ಕನ್ನ ನೆನೆಸ್ಕೊಳವ್ವ ಅಂದ್ರು ಅಯ್ನೋರು. ನೆನೆಸ್ಕೊಂಡ್ರೆ ಅಳು ಬಂದ್ಬುಡ್ತು. ಮೂರ್ ಸಲ ತೆಗೆದ್ರು. ನಿಂಗೆ ಹೇಳ್ಬ್ಯಾಡ ಅಂದ್ರು ನಿಮ್ಮಪ್ಪ. ಎಡೆ ಇಟ್ಟಾಗೆಲ್ಲ ನನ್ ಕಣ್ಣೇ ನನ್ನ ನೋಡ್ತಾ ಇರ್ತಿತ್ತು ಮಗಾ. ಸತ್ತೋಳು ಅವಳಾ ನಾನಾ ಅನ್ನಿಸ್ಬುಡೋದು." ಸಿಪ್ಪೆಯನ್ನು ಮೊರದಿಂದ ಕೊಡವಿದಳು. "ಹೋಗಿ ತತ್ತಾ ಅವಳನ್ನ. ಅವಳ್ ಪಾಡಿಗೆ ಅವಳು ಮಲಿಕ್ಕೊಳ್ಲಿ."

ಹರಾಜು ಬರುವ ಶನಿವಾರ. ಹೆಸರು ನೋಂದಾಯಿಸಿದ್ದೇನೆ. ಬಿಡಿಯಾಗಿ ಮಾರುವುದಿಲ್ಲವಂತೆ. ಅಮ್ಮ ಬೇಕೆಂದರೆ ಟ್ರಂಕಿನಲ್ಲಿರುವ ಎಲ್ಲರನ್ನೂ ತರಬೇಕು, ಗುಡೇಮಾರನಹಳ್ಳಿಯವರನ್ನೂ, ಕೂಟಗಲ್ಲಿನವರನ್ನೂ. ಚಿಕ್ಕಮ್ಮನಿಗೆ ಅದನ್ನೂ ತಿಳಿಸಿದೆ. ನಿನ್ನೆ ಹೋದಾಗ ನಡುಮನೆಯ ಮೂಲೆಯಲ್ಲಿದ್ದ ರಾಗಿ ಡ್ರಮ್ಮನ್ನು ಹಿತ್ತಿಲಿಗೆ ಉರುಳಿಸಿ, ಟ್ರಂಕು ಹಿಡಿಸುವಷ್ಟು ಜಾಗ ಗುಡಿಸಿ, ನೀರು ಚಿಮುಕಿಸಿದ್ದಳು.