ಏಳೂವರೆ ಬಲದ ಜೋಡಿ

ಕುರುಗೋಡಿನ ಆ ಹುಡುಗಿಗೆ ಎತ್ತುಗಳ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಅವರಪ್ಪನದು ಬಟ್ಟೆ ಅಂಗಡಿ. ಬೀದಿಯಲ್ಲಿ ಎತ್ತು ತಲೆ ಅಲ್ಲಾಡಿಸಿದರೆ ಸಾಕು, ಇವಳು ನನ್ನ ಬೆನ್ನ ಹಿಂದೆ ಸರಿಯುತ್ತಿದ್ದಳು. ಅಂಥವಳ ಎತ್ತುಗಳು ನಮ್ಮ ಮನೆಯ ಎತ್ತುಗಳನ್ನು ಸೋಲಿಸಿದವು, ಅದೂ ಕಂಪ್ಯೂಟರಿನೊಳಗೆ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮಾಸ್ತರು ಟೀವಿಗೆ ಜೋಡಿಸುವಂಥ ಒಂದು ಪುಟ್ಟ ಕಂಪ್ಯೂಟರ್ ತಂದು ಕ್ಲಾಸು ಶುರು ಮಾಡಿದ್ದರು. ನಾನು ಸಿರುಗುಪ್ಪದವಳು, ಚಿಕ್ಕಮ್ಮನ ಮನೆಯಲ್ಲಿ ಉಳಿದು ಕಲಿಯುತ್ತಿದ್ದೆ. ಅವಳು ದಿನಾ ಕುರುಗೋಡಿನಿಂದ ಬಸ್ಸಿಗೆ ಬರುತ್ತಿದ್ದಳು. ಒಂದೇ ಪೇಪರಿನಲ್ಲಿ ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುವಷ್ಟು ಗೆಳೆತನ. ಕೊನೆಯ ಮಿರ್ಚಿಯನ್ನು ಅವಳು ನನಗೇ ಬಿಡುತ್ತಿದ್ದಳು, ಅದನ್ನೂ ಹೇಳಬೇಕು.

ಕೋರ್ಸಿನ ಕೊನೆಗೆ ಏನಾದರೊಂದು ಪ್ರೋಗ್ರಾಂ ಬರೆಯಿರಿ ಅಂದರು ಮಾಸ್ತರು. ಎಲ್ಲರೂ ಸಂಬಳದ ಲೆಕ್ಕ, ಬಡ್ಡಿ ಲೆಕ್ಕ ಅಂತ ಹೊರಟರೆ ನಾವಿಬ್ಬರು ಆಟ ಬರೆದೆವು. ನಮ್ಮ ಕಡೆ ಎತ್ತಿನ ಜೋಡಿಗಳಿಂದ ಬಂಡೆ ಎಳೆಸಿ, ಯಾವ ಜೋಡಿ ದೂರ ಎಳೆಯಿತೋ ಅದೇ ಗೆದ್ದಿತು ಅನ್ನುವ ಪಂದ್ಯ ನಡೆಯುತ್ತದಲ್ಲ, ಅದೇ ಆಟ. ಆಡುವವರಿಗೆ ಮೂವತ್ತು ಅಂಕ ಕೊಡುವುದು. ಅದನ್ನು ಅವರು ಎಡದ ಎತ್ತಿನ ಬಲ, ಬಲದ ಎತ್ತಿನ ಬಲ, ಜೋಡಿಯ ದಮ್ಮು ಅಂತ ಮೂರು ಕಡೆ ಹಂಚಬೇಕು. ಎರಡೂ ಎತ್ತುಗಳ ಬಲ ಕೂಡಿಸಿ ಅರ್ಧ ಮಾಡಿದರೆ ಜೋಡಿಯ ಬಲ. ಬಂಡೆ ಒಮ್ಮೆ ನಿಂತು ಮತ್ತೆ ಹೊರಟಾಗೆಲ್ಲ ದಮ್ಮು ಅರ್ಧಕ್ಕಿಳಿಯುತ್ತದೆ. ನೆಲ ಗಟ್ಟಿಯೋ ಮೆತ್ತಗೋ ಅನ್ನುವುದು ಯಂತ್ರದ ಮರ್ಜಿ. ಎತ್ತು, ಬಂಡೆಗಳ ಚಿತ್ರ ನನ್ನದು, ಲೆಕ್ಕ ಅವಳದು. ಮೊದಮೊದಲು ದಶಾಂಶದ ಅಂಕಿಗಳು ಉದ್ದಕ್ಕೆ ಬಂದು ನನ್ನ ಎತ್ತುಗಳ ಕೊಂಬಿನ ಮೇಲೆ ಕೂರುತ್ತಿದ್ದವು. ನಾನು ಗೊಣಗಿದೆ. “ಸುಮ್ನಿರಲೇ, ನಾ ನೋಡ್ಕೊಂತೀನಿ” ಅಂದಳು. ಮರುದಿನ ಪರದೆ ಚೊಕ್ಕಟವಾಗಿತ್ತು.

ನನ್ನ ಜೋಡಿ ನಮ್ಮ ಮನೆಯದೇ. ಕೆಂದನಿಗೆ ಎಂಟು ಕೊಟ್ಟೆ. ಬೂದ ಸ್ವಲ್ಪ ಮೈಗಳ್ಳ, ಅವನಿಗೆ ಏಳು. ಸುಳ್ಳು ಯಾಕೆ ಹೇಳಲಿ? ಉಳಿದ ಹದಿನೈದು ದಮ್ಮಿಗೆ. ಅವಳು ಎಂಟು, ಎಂಟು, ದಮ್ಮಿಗೆ ಹದಿನಾಲ್ಕು ಅಂತ ಒತ್ತಿದಳು. “ಎರಡೂ ಎತ್ತು ತೂಕಕ್ಕಿಟ್ಟಂಗ ಒಂದ ಸಮ ಇರ್ತಾವೇನಲೇ?” ಅಂತ ನಕ್ಕೆ. ಅವಳೂ ನಕ್ಕಳು.

ಎಷ್ಟು ಸಲ ಆಡಿದರೂ ಬಹುತೇಕ ಅವಳದೇ ಗೆಲುವು. ಅದೂ ದೊಡ್ಡದಲ್ಲ, ಚೂರೇ ಚೂರು. ನನಗೇನು ಅನಿಸಬೇಕು ಹೇಳಿ? ಬೂದನದೇ ತಪ್ಪು ಅನಿಸಿತು! ಇಷ್ಟು ಸಣ್ಣ ಪೆಟ್ಟಿಗೆ ನಮ್ಮ ಬೂದನ ಗುಣವನ್ನು ಎಷ್ಟು ಸರಿಯಾಗಿ ಹಿಡಿಯಿತಲ್ಲ ಅಂತ ಬೆರಗಾದೆ. ಊರಿಗೆ ಹೋದಾಗ ಹಟ್ಟಿಯಲ್ಲಿ ನಿಂತು ಆ ಮೂಕಪ್ರಾಣಿಯನ್ನು ಬೈದೂ ಬಂದೆ. “ಹುಚ್ಚು ಹಿಡದೈತೇನು ನಿನಗ?” ಅಂದಳು ಅವ್ವ.

ಕೋರ್ಸು ಮುಗಿಯುವ ಹೊತ್ತಿಗೆ ಮಾಸ್ತರು ಇಬ್ಬರನ್ನೂ ಕರೆದರು. “ಇಬ್ಬರೂ ಶಾಣ್ಯಾರದೀರಿ. ಕಲಿಸಾಕ ನನಗ ಒಬ್ಬಾಕಿ ಸಾಕು. ಯಾರಂತ ನೀವಾ ಮಾತಾಡ್ಕೊಂಡು ಬರ್ರಿ.”

ಆ ಕೆಲಸ ನನಗೆ ಬೇಕಿತ್ತು. ಬೇಕಿತ್ತು ಅಂದರೆ ಸಾಲದು, ಅದಕ್ಕಾಗಿ ಜೀವ ಬಡಿದಾಡುತ್ತಿತ್ತು. ಕೆಲಸ ಸಿಕ್ಕರೆ ಬಳ್ಳಾರಿಯಲ್ಲಿರು, ಇಲ್ಲವಾದರೆ ಊರಿಗೆ ಬಾ ಅಂದಿದ್ದರು ಅಪ್ಪ. ಸಿರುಗುಪ್ಪದಲ್ಲಿ ಆಗ ನಾನು ಬೆರಳಿಡಬಹುದಾದ ಕಂಪ್ಯೂಟರ್ ಎಲ್ಲಿತ್ತು? ಅಲ್ಲಿಗೆ ಹೋದರೆ ಕಲಿತದ್ದೆಲ್ಲ ನೀರುಪಾಲು. ಅವಳಿಗೂ ಬೇಕಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಕೊನೆಗೆ ಅವಳೇ ಅಂದಳು, “ಜಗಳ ಯಾಕಲೇ? ನಮ್ಮ ಎತ್ತುಗಳಾ ಹೇಳ್ಲಿ. ಒಂದ ಆಟ. ಗೆದ್ದಾಕಿ ಇರ್ಲಿ.”

ಒಪ್ಪಿದೆ. ಚೀಟಿ ಎತ್ತುವುದಕ್ಕಿಂತ ಇದೇ ವಾಸಿ ಅನಿಸಿತು, ಇಬ್ಬರೂ ಕೂಡಿ ಕಟ್ಟಿದ ಆಟವಲ್ಲವೇ? ಬೂದನಿಗೆ ಇನ್ನೊಂದು ಅಂಕ ಹೆಚ್ಚು ಕೊಡಲೇ ಅಂತ ಬೆರಳು ಒಂದು ಕ್ಷಣ ತಡೆಯಿತು. ಇದ್ದದ್ದು ಇದ್ದ ಹಾಗೆ ಇರಲಿ ಅಂತ ಏಳನ್ನೇ ಒತ್ತಿದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ನನ್ನ ಜೋಡಿ ಒಂದು ಮೊಳ ಹಿಂದೆ ನಿಂತಿತು. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಅಯ್ಯೋ ಅಳಬೇಡವೇ ಅಂತ ನಾನೇ ಕಣ್ಣೊರೆಸಿದೆ. ನಾನೇ!

ಕೆಲವು ತಿಂಗಳ ಮೇಲೆ ಸರ್ಟಿಫಿಕೇಟ್ ತರಲು ಹೋದೆ. ಮಾಸ್ತರು ಇರಲಿಲ್ಲ, ಅವಳು ಪಾಠ ಮಾಡುತ್ತಿದ್ದಳು. ನನ್ನನ್ನು ನೋಡಿರಲಿಲ್ಲ. ಬಾಗಿಲ ಹತ್ತಿರದ ಬೆಂಚಿನ ತುದಿಗೆ ಕುಳಿತೆ, ಒಳಗೊಳಗೇ ಹೆಮ್ಮೆ ಕೂಡ ಪಟ್ಟೆ. ಬೋರ್ಡಿನ ಮೇಲೆ ಎರಡು ಎತ್ತಿನ ಜೋಡಿ ಬರೆದಿದ್ದಳು.

“ಈ ಜೋಡಿದು ಎಂಟು, ಏಳು. ಕೂಡಿದ್ರ ಹದಿನೈದು, ಅರ್ಧ ಏಳೂವರಿ. ಆದ್ರ ನಾವು ಪೂರ್ಣ ಅಂಕಿ ಮಾಡು ಅಂದೀವಿ. ಯಂತ್ರ ಅರ್ಧಾನ ಬಿಸಾಕ್ತೈತಿ, ಏಳಾ ಉಳೀತು. ದಮ್ಮು ಹದಿನೈದು. ಅದರ ಅರ್ಧಾನೂ ಏಳೂವರಿ, ಅಲ್ಲೂ ಏಳಾ. ಈ ಕಡಿ ಜೋಡಿದು ಬಲ ಎಂಟು, ದಮ್ಮು ಹದಿನಾಲ್ಕರಾಗ ಅರ್ಧ ಏಳು. ಏನೂ ಹೋಗ್ಲಿಲ್ಲ. ಇಬ್ಬರಿಗೂ ಕೊಟ್ಟಿದ್ದು ಮೂವತ್ತಾ. ಆದ್ರ ಏಳು ಕೊಟ್ಟಾಕಿ ಶುರುವಿನಾಗಾ ಸೋತ್ಲು.”

ಹುಡುಗರು ಗೊಳ್ಳೆಂದು ನಕ್ಕರು.

ಪಾಠ ಮುಗಿದ ಮೇಲೆ ನನ್ನನ್ನು ಕಂಡು ಓಡಿ ಬಂದಳು. ಕೈ ಹಿಡಿಯಲು ಬಿಡಲಿಲ್ಲ. “ಇದು ಯಾವಾಗ ಗೊತ್ತಾತು ನಿನಗ?” ಅಂದೆ. ಯಾರೋ ತಪ್ಪು ಹಿಡಿದರು, ಮೊನ್ನೆ ಗೊತ್ತಾಯಿತು ಅನ್ನಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆ. ಅಂದಿದ್ದರೆ ನಂಬಿಬಿಡುತ್ತಿದ್ದೆ.

“ಬರಿಯೋವಾಗಾ ಗೊತ್ತಿತ್ತು.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀನೂ ಎಂಟು ಕೊಡ್ತಿದ್ದಿ.”

ಥೂ! ಎಷ್ಟು ಸಲೀಸಾಗಿ ಅಂದಳು. ಮಾಳಿಗೆ ಹಾರಿಹೋಗುವಂತೆ ಕೂಗಿದೆ. “ಬಾಯಿಬಿಟ್ಟು ಕೇಳಿದ್ರ ಬಿಟ್ಟುಕೊಡ್ತಿದ್ದೆನಲ್ಲಲೇ! ಒಂದ ಮಾತು ಕೇಳಾಕ ಏನಾಗಿತ್ತು ನಿನಗ?”

“ಗೊತ್ತೈತಿ, ಬಿಟ್ಟುಕೊಡ್ತಿದ್ದಿ” ಅಂದಳು. ದನಿ ತಗ್ಗಿತ್ತು, ಕಣ್ಣು ಮಾತ್ರ ನೆಟ್ಟಗಿತ್ತು. “ಆಗ ಸಾಯೋತನ ನಿನ್ನ ಋಣದಾಗ ಇರಬೇಕಿತ್ತು. ಗೆದ್ದಿದ್ದಕ್ಕ ಈ ಕೆಲಸ ನಂದು.”

ಕೆಲಸ ಹೋಗಿದ್ದಕ್ಕೆ ನಾನು ಒಂದು ದಿನವೂ ಅವಳ ಮೇಲೆ ಸಿಟ್ಟಾಗಿರಲಿಲ್ಲ. ಈಗ ನೋಡಿದರೆ, ನನಗೆ ಋಣಿಯಾಗುವುದಕ್ಕಿಂತ ನನಗೆ ಮೋಸ ಮಾಡುವುದೇ ಅವಳಿಗೆ ಹಗುರವಾಗಿತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಊಟದ ಹೊತ್ತಾತು, ಬಾರಲೇ, ಕೂಡೇ ಉಣ್ಣೂಣು” ಅಂದಳು. ಹುಡುಗರೆಲ್ಲ ನಮ್ಮನ್ನೇ ನೋಡುತ್ತಿದ್ದರು.

“ಬ್ಯಾಡ್ರಿ ಮೇಡಂ” ಅಂದೆ, “ನೀವು ಉಣ್ರಿ. ನನಗ ಬಸ್ಸಿಗೆ ಹೊತ್ತಾತು.”